‘ನೆತ್ತರು’ ಬ್ಯಾಂಡಿನ ಒಂದೇ ನಿಯಮ

ನಮ್ಮ ಗಲಾಟೆ ಊರಿಗೆ ಕೇಳದಿರಲೆಂದು ಹಿಟ್ಟಿನ ಗಿರಣಿಯ ನೆಲಮಾಳಿಗೆಯಲ್ಲಿ ನಾಲ್ವರು ಸೇರಿ ‘ನೆತ್ತರು’ ಎಂಬ ರಾಕ್ ಬ್ಯಾಂಡ್ ಕಟ್ಟಿದೆವು. ನಿಯಮ ನನ್ನದು: ಬಿಟ್ಟು ಹೋಗುವವನು ತನ್ನ ಜಾಗಕ್ಕೆ ಇನ್ನೊಬ್ಬನನ್ನು ತಂದು ಕೂರಿಸಿಯೇ ಹೋಗಬೇಕು. ಡ್ರಮ್ಮಿನವನು ಭಾವಮೈದುನನನ್ನು ಕೂರಿಸಿದ. ಗಿಟಾರಿನವನು ಮನೆ ಓನರನ್ನು ಒಪ್ಪಿಸಿದ. ನನಗೆ ವರ್ಗವಾದಾಗ ನಮ್ಮ ಆಫೀಸಿನ ಹೆಡ್ ಕ್ಲರ್ಕ್ ಸಿಕ್ಕರು.

ಇಪ್ಪತ್ತು ವರ್ಷದ ಮೇಲೆ ಮತ್ತೆ ಆ ನೆಲಮಾಳಿಗೆಗೆ ಹೋದೆ. ಬಾಗಿಲ ಮೇಲೆ ಅದೇ ಹೆಸರು, ಒಳಗೆ ಗುರುತಿಲ್ಲದ ನಾಲ್ಕು ಮುಖ.

“ಈ ಬ್ಯಾಂಡ್ ಕಟ್ಟಿದವನು ನಾನು,” ಎಂದೆ.

“ಗೊತ್ತು ಸಾರ್. ನಿಮ್ಮ ನಿಯಮ ಇವತ್ತಿನವರೆಗೂ ಮುರಿದಿಲ್ಲ.”

“ಒಂದು ಹಾಡು ಹಾಡಲಾ?” ಎಂದೆ.

“ಧಾರಾಳವಾಗಿ ಹಾಡಿ. ಚಪ್ಪಲಿ ಆಚೆ ಬಿಟ್ಟು ಬನ್ನಿ, ಈ ಗುರುವಾರದ ಮೊದಲ ಭಜನೆ ನಿಮ್ಮದೇ.”