ಕಂದೀಲಿನ ಗಾಜು

ಈಗಲೂ ಸೀಮೆಎಣ್ಣೆಯ ವಾಸನೆ ಬಂದರೆ ನನ್ನ ಬಲಗೈ ತಾನಾಗಿ ಮುಷ್ಟಿಯಾಗುತ್ತದೆ.

ಕೆನಾಲ್ ತೋಡುವ ಕೂಲಿಯವರು ಸಂಜೆ ಹರಗೋಲಿನಲ್ಲಿ ಕೃಷ್ಣೆಯ ನಡುಗಡ್ಡೆಗೆ ಮರಳುತ್ತಿದ್ದರು. ಅವರಿಗೆ ದಾರಿ ತೋರುವ ಕಂದೀಲನ್ನು ನಮ್ಮ ಮುತ್ಯಾ, ಅಂದರೆ ಅಜ್ಜ, ಗಡ್ಡೆಯ ದಂಡೆಯ ಬಂಡೆಯ ಮೇಲಿಟ್ಟು ಕಾಯುತ್ತಿದ್ದ. ಅದರ ಮಸಿಗಟ್ಟಿದ ಗಾಜನ್ನು ಒಳಗೆ ಪುಟ್ಟ ಕೈ ಹಾಕಿ ಬೂದಿಯಿಂದ ಉಜ್ಜುವುದು ನನ್ನ ಕೆಲಸ. ಒಂದು ಮಧ್ಯಾಹ್ನ ಗಾಜು ಜಾರಿಬಿದ್ದು ಅಂಚು ಒಡೆಯಿತು. ಒಡೆದ ಬದಿಯನ್ನು ಹಿಂದಕ್ಕೆ ತಿರುಗಿಸಿಟ್ಟು ಸುಮ್ಮನಾದೆ.

ಸಂಜೆ ಆ ಸಂದಿಯಿಂದ ಗಾಳಿ ನುಗ್ಗಿ ದೀಪ ಆರಿತು. ಹರಗೋಲು ಬಂಡೆಗೆ ಬಡಿಯಿತು. ಹಣೆಯಿಂದ ನೆತ್ತರು ಸೋರುತ್ತಿದ್ದ ಹೆಂಗಸೊಬ್ಬಳನ್ನು ಅಂಬಿಗ ಹೊತ್ತುತಂದ.

"ದೀಪ ಯಾಕ ಆರ್ತು ಮುತ್ಯಾ?" ಅಂಬಿಗ ಕೇಳಿದ.

ಮುತ್ಯಾ ಬೂದಿ ಮೆತ್ತಿದ ನನ್ನ ಬೆರಳುಗಳನ್ನು ಒಮ್ಮೆ ನೋಡಿದ.

"ಗಾಜು ಉಜ್ಜುವಾಗ ನನ್ನ ಕೈಯಾಗ ಒಡದದಪ್ಪ. ತಪ್ಪು ನಂದು."

ನಾನು ಬಲಗೈಯನ್ನು ಮುಷ್ಟಿ ಮಾಡಿ ಬೆನ್ನ ಹಿಂದೆ ಅಡಗಿಸಿದೆ. ಆ ಗಾಜಿನೊಳಗೆ ಹೋಗುತ್ತಿದ್ದದ್ದು ನನ್ನ ಕೈ ಮಾತ್ರ.