ಬಾಡಿಗೆ ದೇಹದಲ್ಲಿ ದ್ವೀಪಯಾನ

ಹಾಸಿಗೆ ಬಿಟ್ಟು ಏಳಲಾರದ ನಾನು, ದ್ವೀಪ ಸುತ್ತಲೆಂದು ಗೈಡ್ ಗುಲಾಬಿಯ ದೇಹವನ್ನು ಒಂದು ದಿನಕ್ಕೆ ಬಾಡಿಗೆ ಹಿಡಿದು ಹೊಕ್ಕಿದ್ದೆ. ಅವಳು ಒಳಗಿನಿಂದ ದಾರಿ ಹೇಳುತ್ತಿದ್ದಳು. ಅವಳ ಕಾಲಲ್ಲಿ ನಾನು ಓಡಿದೆ, ಈಜಿದೆ, ಕುಣಿದೆ.

ಮಧ್ಯಾಹ್ನ ದಡದಲ್ಲಿ ಶವಯಾತ್ರೆಯೊಂದು ಎದುರಾಯಿತು. ಗುಲಾಬಿಯ ಮಾತು ಥಟ್ಟನೆ ನಿಂತಿತು. ಅಜ್ಜಿಯೊಬ್ಬಳು ನನ್ನನ್ನು ಎಳೆದು, "ಹಾಕು ಮಗಾ" ಎಂದು ಕೈಗೆ ಅಕ್ಕಿ ಕೊಟ್ಟಳು. ಇಲ್ಲಿನ ಪದ್ಧತಿ ಇರಬೇಕೆಂದು ಹೆಣದ ಬಾಯಿಗೆ ಹಾಕಿ, ನಗುತ್ತಾ ಸೆಲ್ಫಿ ತೆಗೆದುಕೊಂಡೆ. ಸುತ್ತಲಿದ್ದವರು ದಂಗಾಗಿ ನೋಡಿದರು. ಕಣ್ಣು ಮಾತ್ರ ಒಂದೇ ಸಮನೆ ಸುರಿಯುತ್ತಿತ್ತು, ಉಪ್ಪುನೀರಿನ ಉರಿಯೆಂದುಕೊಂಡೆ.

ಸಂಜೆ ದೇಹ ಹಿಂದಿರುಗಿಸಿದ ಮೇಲೆ ಪರದೆಯಲ್ಲಿ ಗುಲಾಬಿಯ ಮುಖ ಮೂಡಿತು.

"ಬೆಳಿಗ್ಗೆ ನಾನು ಬರುವಾಗ ನಮ್ಮಪ್ಪಯ್ಯ ಗಂಜಿ ಉಣ್ತಿದ್ರು ಮೇಡಂ" ಎಂದಳು. "ಅಕ್ಕಿ ಹಾಕುವಾಗ ನೀವು ನಗದೇ ಇದ್ದಿದ್ರೆ ಸಾಕಿತ್ತು."