ಎದ್ದು ನಿಂತ ಮೈದಾನ

ಜಗತ್ತಿನ ದೊಡ್ಡ ಪಂದ್ಯಾವಳಿ ನಡೆಸಲೆಂದು ದೂರದ ದೇಶವೊಂದು ಕಟ್ಟಿಸುತ್ತಿದ್ದ ಕ್ರೀಡಾಂಗಣದ ಕೆಲಸಕ್ಕೆ ಹೋಗಿದ್ದ ಆ ಗಂಡ ಹೆಂಡತಿಯ ಮಗ ಉದಯ, ಅದರ ಚಾವಣಿಯಿಂದ ಬಿದ್ದು ತೀರಿಕೊಂಡಿದ್ದ. ಇಂದು ಅಲ್ಲಿ ಮೊದಲ ಪಂದ್ಯ.

"ಹಾಕ್ಬೇಡಿ ಆ ಟೀವಿ. ನಮ್ಮ ಮಗನ ನೆನಪು ಅಲ್ಲಿ ಯಾರಿಗುಂಟು?" ಎಂದಳು ತಾಯಿ. ಆಕೆಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು.

ಗಂಡ ಹಾಕಿಯೇ ಬಿಟ್ಟ. ಮೈದಾನದ ಗದ್ದಲ ಮನೆ ತುಂಬಿತು, ಮರುಕ್ಷಣ ನಿಂತಿತು.

"ಎಂತ, ಟೀವಿ ಹಾಳಾಯ್ತಾ?"

"ಇಲ್ಲ ಮಾರಾಯ್ತಿ. ಅಷ್ಟೂ ಜನ ಎದ್ದು ಮೌನವಾಗಿ ನಿಂತಿದ್ದಾರೆ. ಸತ್ತವರಿಗೆ ಗೌರವ."

"ಸತ್ತದ್ದು ಯಾರಂತೆ?"

ಗಂಡ ಪರದೆಯಿಂದ ಆಕೆಯ ಕಡೆ ತಿರುಗಿದ. "ನಮ್ಮ ಉದಯ."

ಆಕೆ ಗೋಡೆ ಹಿಡಿದು ಎದ್ದಳು, ಸೆರಗು ಹೊದ್ದು ಕೈ ಮುಗಿದಳು. "ದೇವರೇ, ಮರೀಲಿಲ್ಲ ಅವರು."

ಪರದೆಯ ಮೇಲೆ, ಹಿಂದಿನ ದಿನ ತೀರಿಕೊಂಡ ಆ ದೇಶದ ಹಳೆಯ ಆಟಗಾರನೊಬ್ಬನ ಚಿತ್ರ ನಗುತ್ತಿತ್ತು.